ಎರಡೋ, ಮೂರೋ

ಸ್ಟೇಡಿಯಂ ಗೇಟಿನೆದುರು ಟೀ ಅಂಗಡಿಯ ಬೆಂಚಿನಲ್ಲಿ
ಹುಡುಗರು ನನ್ನನ್ನು ನಡುವೆ ಕೂರಿಸಿಕೊಂಡು ಕೇಳುತ್ತಾರೆ:
'ನಲವತ್ತು ವರ್ಷ ಸ್ಕೋರು ಬರೆದವರು ನೀವು,
ಹೇಳಿಬಿಡಿ ಸಾರ್, ಹಾಸನ ಕಂಡ
ಬ್ಯಾಸ್ಕೆಟ್‌ಬಾಲಿನಲ್ಲಿ ಯಾರು ದೊಡ್ಡವರು?'

ಉತ್ತರ ಅವರ ಫೋನಿನಲ್ಲೇ ಇದೆ.
ಸೃಜನ್. ಒಂದೇ ಪಂದ್ಯದಲ್ಲಿ ನಲವತ್ತೇಳು,
ಅದರಲ್ಲಿ ಎಂಟು ಮೂರರ ಎಸೆತ.
ವಿಡಿಯೋ ನಿಲ್ಲಿಸಿ, ಹಿಂದಕ್ಕೆಳೆದು,
ಮಣಿಕಟ್ಟು ಮಡಿಯುವುದನ್ನು ತೋರಿಸುತ್ತಾರೆ.
ಚೆಂದ, ಸುಳ್ಳಲ್ಲ. ನನ್ನ ಟೀ ಆರುತ್ತದೆ.

ಹಗಲು ನಾನು ಮಂಡಿಯಲ್ಲಿ ಆಲೂಗೆಡ್ಡೆ ತೂಗುವವ.
ಅಪ್ಪನ ಕಾಲದ ಸೇರಿನ ಕಲ್ಲುಗಳು
ಕಪಾಟಿನಲ್ಲಿ ಇನ್ನೂ ಕೂತಿವೆ.
ಆಗ ತೂಗಿದ್ದೂ ಗೆಡ್ಡೆಯೇ,
ತಿಂದವರ ಹೊಟ್ಟೆ ತುಂಬಿದ್ದೂ ನಿಜವೇ.

ಧರಣೇಂದ್ರ ಬೆಳಗೊಳದವನು. ಎತ್ತರ ಕೇಳಬೇಕೆ?
'ಬೆಟ್ಟದ ಮೇಲಿನವನ ತಮ್ಮ' ಎಂದು ರೇಗಿಸುತ್ತಿದ್ದೆವು.
ಎಪ್ಪತ್ತೆಂಟರಲ್ಲಿ ಮಣ್ಣಿನ ಅಂಗಳ.
ಬೆಳಿಗ್ಗೆ ನೀರು ಚಿಮುಕಿಸಿ ಸುಣ್ಣದ ಗೆರೆ ಎಳೆಯುವವನೂ ಅವನೇ,
ಸಂಜೆ ಆ ಗೆರೆ ಅಳಿಯುವಂತೆ ಆಡುವವನೂ ಅವನೇ.
ತೊಗಲಿನ ಚೆಂಡು, ಇಬ್ಬನಿ ಕುಡಿದು ಭಾರ.
ಕಬ್ಬಿಣದ ಬಳೆಗೆ ಬಲೆಯಿರಲಿಲ್ಲ;
ಒಳಗೆ ಬಿತ್ತೋ, ಪಕ್ಕಕ್ಕೆ ಹೋಯಿತೋ,
ರೆಫರಿಯೂ ಒಮ್ಮೊಮ್ಮೆ ನನ್ನ ಮುಖ ನೋಡುತ್ತಿದ್ದ.

ಮುನೀರ್ ಪಾಷಾ ಇದ್ದ,
ತಾನು ಹಾಕದೆ ಹಾಕಿಸಿದವನು.
ಅದಕ್ಕೆ ನನ್ನ ಪುಸ್ತಕದಲ್ಲಿ ಕಾಲಂ ಇರಲಿಲ್ಲ.

ಎಲ್ಲಿಂದ ಎಸೆದರೂ ಆಗ ಎರಡೇ.
ಆದರೂ ಧರಣೇಂದ್ರ ದೂರದಿಂದ ಹಾಕಿದಾಗ
ಎರಡರ ನೆತ್ತಿಯ ಮೇಲೆ ಸಣ್ಣದೊಂದು ಚುಕ್ಕೆ ಇಡುತ್ತಿದ್ದೆ,
ಯಾರೂ ಹೇಳಿರಲಿಲ್ಲ, ಸುಮ್ಮನೆ.
ನಿನ್ನೆ ರಾತ್ರಿ ಆ ಚುಕ್ಕೆಗಳನ್ನು ಎಣಿಸಿದೆ:
ಹನ್ನೊಂದು. ಅವತ್ತಿನ ಮೂವತ್ತಾರು
ಇವತ್ತಿನ ಲೆಕ್ಕಕ್ಕೆ ನಲವತ್ತೇಳು!
ಎದ್ದು ನಿಂತೆ. ಹೆಂಡತಿ ಎಚ್ಚರಗೊಂಡು
'ಏನ್ರೀ, ಯಾರಾದರೂ ಹೋದರಾ?' ಅಂದಳು.

ಆಮೇಲೆ ಕೂತೆ.
ಎದುರಿಗೆ ಆಡಿದವರು ಯಾರು?
ಅರಸೀಕೆರೆಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು
ಊಟವಿಲ್ಲದೆ ಅಂಗಳಕ್ಕಿಳಿದ ಐದು ಜನ.
ಆ ಮಣ್ಣಿನಲ್ಲಿ, ಬರಿಗಾಲಿನಲ್ಲಿ, ಸೃಜನ್ ಜಾರುತ್ತಿದ್ದನೋ?
ಈ ನುಣ್ಣನೆ ನೀಲಿ ನೆಲದಲ್ಲಿ ಧರಣೇಂದ್ರ ಹಾರುತ್ತಿದ್ದನೋ?
'ಇದ್ದಿದ್ದರೆ' ಎಂಬುದಕ್ಕೆ ಯಾವ ತಕ್ಕಡಿಯಲ್ಲಿ ತಟ್ಟೆ ಇದೆ?

ಹಾಳೆ ಮಗುಚಿದೆ.
ಎಂಬತ್ತಮೂರು, ನವೆಂಬರ್, ಮಹಿಳೆಯರ ಫೈನಲ್.
ತಂಡಗಳ ಹೆಸರಿದೆ, ನನ್ನ ಅಕ್ಷರವೇ.
ಕೆಳಗೆ ಖಾಲಿ.
ಅವತ್ತು ಗಂಡಸರ ತಂಡದ ಜೊತೆ ನಾನು ಚಿಕ್ಕಮಗಳೂರಿಗೆ ಹೋಗಿದ್ದೆ.
'ಹೆಂಗಸರದ್ದು ತಾನೆ, ಯಾರಾದರೂ ಬರೆದುಕೊಳ್ಳುತ್ತಾರೆ' ಅಂದಿದ್ದೆ.
ಯಾರೂ ಬರೆಯಲಿಲ್ಲ.
ನೋಡಿದವರು ಮಾತ್ರ ಇವತ್ತಿಗೂ ಹೇಳುತ್ತಾರೆ:
ಚೂಡಾಮಣಿಯನ್ನು ನೋಡಬೇಕಿತ್ತು ನೀವು.

ಇವತ್ತು ಬೆಳಿಗ್ಗೆ ಮಂಡಿಗೆ ಬಂದಿದ್ದಳು,
ಹಾಸ್ಟೆಲ್ ಅಡುಗೆಗೆ ಎರಡು ಮೂಟೆ ಬೇಕು ಅಂತ.
ನರೆತ ಕೂದಲು, ಮಂಡಿಗೆ ಪಟ್ಟಿ.
'ಆ ಫೈನಲ್ಲಿನಲ್ಲಿ ಎಷ್ಟು ಹಾಕಿದ್ದೆ?' ಕೇಳಿಯೇಬಿಟ್ಟೆ.
'ಬರೆದುಕೊಳ್ಳೋರು ನೀವಲ್ವಾ' ಅಂದಳು.
ಸಿಟ್ಟಿನಿಂದಲ್ಲ. ಅದೇ ಕಷ್ಟವಾಯಿತು.

ಮೂಟೆ ಬಿಚ್ಚಿ, ಕೊಳೆತದ್ದೊಂದು ಆರಿಸಿ,
ಬೆರಳಲ್ಲಿ ಒಮ್ಮೆ ತಿರುಗಿಸಿ
ಗೋಡೆ ಮೂಲೆಯ ಕುಕ್ಕೆಯ ಕಡೆ ಎಸೆದಳು,
ಮಾತು ನಿಲ್ಲಿಸದೆ, ಆ ಕಡೆ ನೋಡದೆ.
ಅಂಚಿಗೂ ತಾಗಲಿಲ್ಲ.

ಹಮಾಲಿಗಳು ತಿರುಗಿ ನೋಡಿದರು.
ಕಿವಿಯ ಮೇಲಿದ್ದ ಪೆನ್ಸಿಲಿಗೆ
ನನ್ನ ಕೈ ತಾನಾಗಿ ಹೋಗಿತ್ತು.
'ಬರೆಯಿರಿ' ಅಂದಳು ಕೈ ಒರೆಸಿಕೊಳ್ಳುತ್ತ,
'ಎರಡೋ, ಮೂರೋ, ನೀವೇ ಹೇಳಿ.'