ಕಪ್ಪು ನೀರು

ಅರ್ಸ್ಲಾನ್‌ಬೋಬಿನಲ್ಲಿ ಸೆಪ್ಟೆಂಬರ್ ಕಳೆಯುವಷ್ಟರಲ್ಲಿ
ಎಲ್ಲರ ಕೈಯೂ ಕಪ್ಪು.
ಶಾಲೆಯ ಹುಡುಗರದು, ತಂದೂರಿಗೆ ರೊಟ್ಟಿ ಬಡಿಯುವವಳದು,
ಮೊನ್ನೆ ಮದುವೆಯಾದವಳದು.
ಮದರಂಗಿ ಮಾಸುವ ಮೊದಲೇ ಅದರ ಮೇಲೆ
ಅಕ್ರೋಟಿನ ಹಸಿ ಸಿಪ್ಪೆ ಹತ್ತಿ ಕೂತಿರುತ್ತದೆ.
ಆ ಮೊನ್ನೆಯವಳು ನಾನೇ,
ಹನ್ನೊಂದು ವರ್ಷದ ಕೆಳಗೆ.

ಅತ್ತೆ ರಿಸೋಲತ್‌ಗೆ ಮಾತು ಕಡಿಮೆ.
ಊರವರು ಸಿಪ್ಪೆಯನ್ನು ಹಳ್ಳಕ್ಕೆ ಸುರಿದರೆ
ಅವಳು ಮಾಳಿಗೆಯ ಮೇಲೆ ಒಣಗಿಸಿ ಚೀಲ ಕಟ್ಟುತ್ತಿದ್ದಳು.
ಹಿಮ ಕರಗಿ, ಈರುಳ್ಳಿ ಗಡ್ಡೆ ಊರಿದ ಸಂಜೆ
ಚೀಲ ಬಿಚ್ಚಿ, ಹಾಲಿನ ಹಳೇ ಕ್ಯಾನಿನಲ್ಲಿ ನೆನೆಹಾಕಿ
ಕೊಟ್ಟಿಗೆಯ ಹಿಂದಿಟ್ಟು ಮರೆತಂತೆ ಇರುತ್ತಿದ್ದಳು.
ಎಷ್ಟು ದಿನ, ಓಯಿ?
ಮೂಗು ಹೇಳುತ್ತದೆ.

ನನ್ನ ತವರು ಬಯಲು, ಹತ್ತಿಯ ಸೀಮೆ.
ಅಲ್ಲಿ ನನ್ನವ್ವನ ಬೇಸಿಗೆಗಳೆಲ್ಲ
ಕಳೆ ಕೀಳುವುದರಲ್ಲೇ ಕಳೆದುಹೋದವು.
ಇಲ್ಲಿ ಈ ಮುದುಕಿ ಚೊಂಬಿನಿಂದ ಸಾಲಿಗೆ ಸಾಲು
ಚಹಾ ಬಗ್ಗಿಸಿದಂತೆ ಕಪ್ಪು ನೀರು ಬಗ್ಗಿಸುತ್ತಾಳೆ,
ಹರಿವೆ ತಲೆಯೆತ್ತುವುದಿಲ್ಲ,
ಚಕ್ಕೋತ ಬಂದರೂ ಬೆರಳೆತ್ತರಕ್ಕೆ ಹಳದಿಯಾಗಿ ನಿಲ್ಲುತ್ತದೆ.
ಗರಿಕೆ ಮಾತ್ರ ಯಾರ ಮಾತೂ ಕೇಳುವುದಿಲ್ಲ.
ಅದಕ್ಕೆ ಕೈಯೇ ಬೇಕು.

ಅಕ್ರೋಟಿನಡಿ ಮಲಗಬೇಡ, ಅನ್ನುತ್ತಿದ್ದಳು,
ಆ ನೆರಳು ಭಾರ,
ಎದ್ದಾಗ ತಲೆ ನಿನ್ನದಾಗಿರುವುದಿಲ್ಲ.
ನಕ್ಕಿದ್ದೆ. ಆಮೇಲೆ ನೋಡಿದೆ,
ದೊಡ್ಡ ಮರಗಳ ಕೆಳಗೆ ನೆಲ ಗುಡಿಸಿಟ್ಟಂತೆ ಬರಿದು.
ಬೇರು, ಎಲೆ, ಸಿಪ್ಪೆ, ಎಲ್ಲದರಲ್ಲೂ ಮರ ಒಂದೇ ಮಾತು
ಮಳೆಯ ಕೈಲಿ ಹೇಳಿ ಕಳಿಸುತ್ತದೆ.
ಬಿತ್ತಕ್ಕೆ ಕಿವಿಯಿರುವುದು ಆಗ ಗೊತ್ತಾಯಿತು.

ಮೂರನೇ ವರ್ಷ, ಮೇ ತಿಂಗಳ ಒಂದು ಮುಸ್ಸಂಜೆ
ಎರಡು ಕ್ಯಾನುಗಳಲ್ಲಿ ಯಾವುದು ಯಾವುದೆಂದು ನೋಡದೆ
ಟೊಮೆಟೊ ಸಸಿಗಳಿಗೆಲ್ಲ ಹೊಯ್ದುಬಿಟ್ಟೆ.
ವಾರದೊಳಗೆ ಅರವತ್ತು ಸಸಿ ಕತ್ತು ಚೆಲ್ಲಿದವು.
ಅವಳು ಬಂದಳು, ಕೂತಳು, ಒಂದನ್ನು ಕಿತ್ತು
ಬೇರನ್ನು ಬೆರಳಲ್ಲಿ ಉಜ್ಜಿ ಮೂಸಿದಳು.
ಬೈಗುಳಕ್ಕೆ ನಾನು ಬೆನ್ನು ಸಿದ್ಧಮಾಡಿಕೊಂಡಿದ್ದೆ.
"ಸರಿಯಾಗಿ ಹುಳಿತಿತ್ತು," ಅಂದಳು, ಅಷ್ಟೇ.
ಆ ಮಡಿಗೂ ಈರುಳ್ಳಿಯೇ ಹಾಕಿದೆವು.
ಆ ವರ್ಷ ಮನೆತುಂಬ ಈರುಳ್ಳಿ,
ಅಕ್ಕಪಕ್ಕದವರಿಗೆಲ್ಲ ಹಂಚಿ ಕಣ್ಣೀರು ತರಿಸಿದೆವು.

ಓಶ್‌ನಿಂದ ತೈರ್‌ಬೆಕ್ ಎಂಬ ಹುಡುಗ ಬಂದ,
ಗಾಜಿನ ತಟ್ಟೆ, ಒದ್ದೆ ಕಾಗದ, ತಟ್ಟೆಗೆ ಐವತ್ತು ಬೀಜ.
ಬರೀ ನೀರು ಕುಡಿದವು ನಲವತ್ತಾರು ಮೊಳೆತವು.
ನಮ್ಮ ನೀರು ಕುಡಿದವು ಸೊನ್ನೆ.
ಅವನ ಮುಖದಲ್ಲಿ ಕಳೆ ಬಂತು.
ಅತ್ತೆ ಕನ್ನಡಕ ಸರಿಮಾಡಿಕೊಂಡು ಕೇಳಿದಳು,
"ಸತ್ತವೋ, ಮಲಗಿದವೋ?"
ಹುಡುಗನ ಬಳಿ ಉತ್ತರವಿರಲಿಲ್ಲ.
ಬೀಜ ತೊಳೆದು ಮತ್ತೆ ಇಟ್ಟ.
ಒಂಬತ್ತು ದಿನಕ್ಕೆ ಹನ್ನೊಂದು ಕಣ್ಣು ಬಿಟ್ಟವು.
ಅವಳಿಗೆ ಆ ಹನ್ನೊಂದರ ಮೇಲೆ ಅದೇನು ಅಕ್ಕರೆಯೋ,
ತಟ್ಟೆಯನ್ನು ವಾಪಸು ಕೊಡಲೇ ಇಲ್ಲ.

ಈಗ ಅವಳಿಗೆ ಬಗ್ಗಲಾಗದು. ಚೊಂಬು ನನ್ನ ಕೈಲಿ.
ಜಗುಲಿಯಿಂದಲೇ ಕೂಗುತ್ತಾಳೆ,
ಗೋಡೆಯ ಕಡೆ, ನಿಗೋರಾ, ಆ ಮೂಲೆಗೆ ಬೇಡ!
ಆ ಮೂಲೆಯಲ್ಲಿ ಗೋಣಿಸೊಪ್ಪು
ಬೀಗಿಕೊಂಡು ಹಬ್ಬಿದೆ, ಹರಿವೆಯೂ ಇದೆ.
ಕಳೆಯಲ್ಲವೇ ಓಯಿ, ಅಂದರೆ
ಗದರುತ್ತಾಳೆ.
ಸಮೋಸಕ್ಕೆ ಸೊಪ್ಪನ್ನು ನಿಮ್ಮಪ್ಪ ತರುತ್ತಾನೇನೆ?