ನೀರು ಬ್ಯಾಡ

ಕೊನೆಯ ಟಿಕೆಟಿನ ಮೇಲೆ ಹತ್ತು ನಲವತ್ತೆರಡು ಅಂತ ಇತ್ತು.
ಜಮಖಂಡಿಯಿಂದ ವಿಜಯಪುರದ ಬಸ್ಸು, ಹೊಳೆ ದಾಟಿ
ಒಂದು ಹರದಾರಿಯೂ ಆಗಿರಲಿಲ್ಲ,
ಸಂಗನಬಸು ಬ್ರೇಕು ತುಳಿದ.
ರಸ್ತೆಯ ತುಂಬ ಬಿಳಿ ಬಿಳಿ.
ಕುರಿ ಅಂದುಕೊಂಡೆ.

ಹತ್ತಿ.
ಒಡೆದ ಗಂಟಿನಿಂದ ಹಾರಿ ಜಾಲಿಯ ಮುಳ್ಳಿಗೆ ಸಿಕ್ಕು
ಡಾಂಬರಿಗೆ ಅಂಟಿ
ನಡುವೆ ಅಡ್ಡಬಿದ್ದ ಲೂನಾ, ಇನ್ನೂ ತಿರುಗುವ ಗಾಲಿ,
ಆಚೆ ಆ ಮನುಷ್ಯ.

ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇದೆ ಬಸ್ಸಿನಲ್ಲಿ,
ದಿನಾ ನನ್ನ ತಲೆಗೆ ಬಡಿಯುತ್ತದೆ.
ತೆಗೆದರೆ
ಸಂಗನಬಸುವಿನ ಸುಣ್ಣದ ಡಬ್ಬಿ, ಅರ್ಧ ಕಟ್ಟು ಊದಿನಕಡ್ಡಿ,
ಯಾವ ಕಾಲಕ್ಕೋ ಒಣಗಿದ ಟಿಂಚರು.

ಡಿಪೋದಲ್ಲಿ ಒಂದು ಮಧ್ಯಾಹ್ನ ಕಲಿಸಿದ್ದರು,
ಉಪ್ಪಿಟ್ಟು ಕೊಟ್ಟು.
ಬೊಂಬೆಯ ಎದೆ ಒತ್ತಲು ನಾಚಿ
ನಕ್ಕಿದ್ದೆವು ನಾವು ಆರು ಜನ ಹೆಣ್ಣುಮಕ್ಕಳು.
ಆ ನಗು ಎಷ್ಟು ನೆನಪಿದೆಯೋ
ಪಾಠ ಅಷ್ಟಿಲ್ಲ.

ನೂರಾ ಎಂಟಕ್ಕೆ ಫೋನು ಹಚ್ಚಿದೆ.
"ಯಾವ ಜಿಲ್ಲಾ ರೀ?"
ಗಡಿಯ ಬೋರ್ಡಿನ ಬುಡದಲ್ಲೇ ಬಿದ್ದಿದ್ದ,
ತಲೆ ಆ ಜಿಲ್ಲೆಗೆ, ಕಾಲು ಈ ಜಿಲ್ಲೆಗೆ.
"ಎರಡೂ," ಅಂದೆ.
"ಯಾವದು ಸಮೀಪ ಐತಿ ಅದು ಬರಲಿ."

"ಇಷ್ಟು ಅರಳಿ ಬಿದ್ದೈತಿ, ಗಾಯದಾಗ ತುರುಕ್ರಿ!"
ಯಾರೋ ಬೊಗಸೆ ತುಂಬಿಕೊಂಡು ಓಡಿಬಂದ.
"ಬ್ಯಾಡ, ಅಂಟತೈತಿ. ಒಗದ ಬಟ್ಟಿ ಕೊಡ್ರಿ."
ಊರ ತುಂಬ ಹತ್ತಿ ಹಂಚಿದವನಿಗೆ
ಒಂದು ಎಸಳು ಹತ್ತಿ ಇಲ್ಲ.
ಯಾರದೋ ಚೀಲದಿಂದ ಮಡಿ ಧೋತರ ಬಂತು.
ಮೊಣಕಾಲ ಕೆಳಗೆ ಎರಡೂ ಅಂಗೈ ಊರಿ ಒತ್ತಿದೆ.
ತೋಯ್ದರೆ ತೆಗೀಬೇಡ, ಮ್ಯಾಲೊಂದು ಇಡು.
ಇಟ್ಟೆ: ಕಾಲೇಜು ಹುಡುಗಿಯ ಓಢಣಿ, ಹಳದಿ.
ಅದೂ ಹಳದಿ ಉಳಿಯಲಿಲ್ಲ.

"ಎಬ್ಬಿಸಿ ಕುಂಡ್ರಸ್ರಿ."
"ಕುತ್ತಿಗಿ ಅಳ್ಳಾಡಸಬ್ಯಾಡ್ರಿ!"
ನನ್ನ ದನಿ ನನಗೇ ಹೊಸದು,
ಚಿಲ್ಲರೆ ಕೇಳುವ ದನಿಗಿಂತ ದೊಡ್ಡದು.

"ಹೆಸರೇನ್ರಿ?"
"ದಸ್ತಗೀರ."
"ಊರು?"
"ಗಲಗಲಿ."
ರೆಪ್ಪೆ ಇಳಿಯುತ್ತಿತ್ತು.
"ಒಂದ ಗಾದಿ ಮಾಡಾಕ ಏನ ತಗೋತೀರಿ?"
ತೆರೆದ ಕಣ್ಣು.
"ಹತ್ತಿ ನಿಮ್ದಾ, ನಮ್ದಾ?"
"ನಮ್ದ."
"ಹಂಗಾರ ಆರನೂರು."
"ನೂರು ಕಡಿಮಿ ಮಾಡ್ರಿ."
"ಆಗೂದಿಲ್ರೀ ಅಕ್ಕಾರ."
ಚೌಕಾಸಿ ನಡೆಯಿತು.
ನಾನು ಇಳಿಯಲಿಲ್ಲ, ಅವನೂ ಇಳಿಯಲಿಲ್ಲ,
ಇಳಿಯುತ್ತಿದ್ದದ್ದು ಕೆಳಗೆ, ಬಟ್ಟೆಯಾಚೆ,
ತುಸು ತುಸು.

ಆಮೇಲೆ ಕೇಳಿದ.
"ನೀರು."

ನೀಲಗಂಗವ್ವ ಅಂತ, ಬಬಲೇಶ್ವರಕ್ಕೆ ಹೊರಟ ಮುದುಕಿ,
ಆಗಲೇ ಬಾಟಲಿಯ ಮುಚ್ಚಳ ತಿರುವಿದ್ದಳು.
"ನೀರು ಬ್ಯಾಡ," ಅಂದೆ,
"ಆಪರೇಶನ್ ಮಾಡೂದಿದ್ರ ಹೊಟ್ಟಿ ಖಾಲಿ ಇರಬೇಕು."
"ಬಾಯಿ ಬಿಟ್ಟು ಕೇಳಿದವಗ ಇಲ್ಲಂತೀ?
ಯಾವ ಸಾಲ್ಯಾಗ ಕಲಿಸ್ಯಾರ ಇದನ್ನ?"
ಉಪ್ಪಿಟ್ಟು ಕೊಟ್ಟ ಸಾಲ್ಯಾಗ, ಅನ್ನಲಿಲ್ಲ.

ನಮ್ಮ ಮನೆಯಲ್ಲಿ ಬಂದವರಿಗೆ ಮೊದಲು ನೀರು, ಬೆಲ್ಲ.
ಆಮೇಲೆ ಯಾರು, ಏನು, ಎತ್ತ.
ಇವನ ಹೆಸರು ಕೇಳಿದೆ, ಊರು ಕೇಳಿದೆ, ದರ ಕೇಳಿದೆ,
ನೀರು ಮಾತ್ರ.
ಕರವಸ್ತ್ರದ ತುದಿ ತೋಯಿಸಿ ತುಟಿಗೆ ಹಚ್ಚೆಂದೆ.
ಮುದುಕಿ ಹಚ್ಚಿದಳು. ಆ ತುದಿಯನ್ನು ಅವನು ಬಿಡಲಿಲ್ಲ,
ಕೂಸಿನ ಹಾಗೆ.
ನಾನು ಗಾಯದ ಕಡೆ ನೋಡಿದೆ.
ಅದನ್ನು ನೋಡುವುದೇ ಸುಲಭವಿತ್ತು.

ಗಾಡಿ ಬಂತು. ಯಾವ ಜಿಲ್ಲೆಯದೋ.
ಹುಡುಗನೊಬ್ಬ ಇಳಿದು, ಕೈಗವಸು ಎಳೆದುಕೊಳ್ಳುತ್ತ,
"ಕೈ ತಗೀರಿ ಮೇಡಂ," ಅಂದ.
ತೆಗೆಯಲು ಬರಲಿಲ್ಲ. ಬೆರಳು ಸೆಟೆದಿದ್ದವು.
ಒಂದೊಂದಾಗಿ ಅವನೇ ಬಿಡಿಸಿದ.
"ನೀರು ಕುಡಿಸೀರೇನು?"
"ಇಲ್ಲ."
"ಚಲೋ ಆತು."
ನೀಲಗಂಗವ್ವ ಕೇಳಿಸಿಕೊಂಡಳೋ ಇಲ್ಲವೋ.

ಮುಂದಿನ ಟಿಕೆಟು ಹನ್ನೊಂದು ಹದಿನಾರು.
ಯಾರಿಗೋ ಐದು ರೂಪಾಯಿ ಚಿಲ್ಲರೆ ಬಾಕಿ.
ಚೀಲದ ನೋಟಿಗೆ ಕೆಂಪು ಹತ್ತೀತೆಂದು
ಮೊಣಕೈ ಮೇಲಕ್ಕೆತ್ತಿ ನಿಂತೆ, ಮದುಮಗಳ ಹಾಗೆ.

ಬಬಲೇಶ್ವರದಲ್ಲಿ ಮುದುಕಿ ಇಳಿದು
ಬಸ್ಸಿನ ಬಾಗಿಲ ಕೆಳಗೆ ನಿಂತಳು.
"ಕೈ ಚಾಚು."
ಅದೇ ಬಾಟಲಿ. ಸುರಿದಳು, ಉಗುರಿನ ಸಂದು ಬಿಡದೆ
ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ತೊಳೆದಳು.
ತಳದಲ್ಲಿ ಎರಡು ಗುಟುಕು ಉಳಿದವು.
ಕುಡೀತೀಯೇನು, ಅಂತ
ಅವಳು ಕೇಳಲಿಲ್ಲ.
ನಾನೂ ಕೇಳಲಿಲ್ಲ.

ಡಬಲ್ ಬೆಲ್ ಹೊಡೆದೆ.
ಟೋಪಿಗೆ ಅಂಟಿದ್ದ ಅರಳೆಯ ತುಣುಕು
ಕಿಟಕಿಯ ಗಾಳಿಗೆ ಎದ್ದು
ಸೀಟಿನಿಂದ ಸೀಟಿಗೆ ಹೋಗುತ್ತಿತ್ತು,
ಟಿಕೆಟು ಇಲ್ಲದೆ.