ನಾಯಿ ಬೊಗಳುವಲ್ಲಿ ಎಡಕ್ಕೆ

ಗ್ಲಿನ್ ಕೊಟ್ಟ ದಾರಿ ಒಂದು ಹಳೆಯ ಲಕೋಟೆಯ ಬೆನ್ನ ಮೇಲಿದೆ.
ನೀಲಿ ಬಾಲ್‌ಪೆನ್ನು, ನಡುಗುವ ಗೆರೆ;
ನಡುಗಿದ್ದು ಕೈಯಿಂದಲೋ ಬೆಟ್ಟದಿಂದಲೋ
ನೋಡಿದರೆ ತಿಳಿಯುವುದಿಲ್ಲ.
ಮೂವತ್ತೊಂದು ವರ್ಷ ಶ್ರಾಪ್‌ಶೈರಿನ ಈ ಗುಡ್ಡಗಳಿಗೆ ಟಪಾಲು ಹಂಚಿದವನು
ಒಂದು ಊರಿನ ಹೆಸರನ್ನೂ ಬರೆದಿಲ್ಲ:

'ಬೇಕರಿಯ ವಾಸನೆ ಮುಗಿದಲ್ಲಿ ಬಲಕ್ಕೆ.
ಕಬ್ಬಿಣದ ಸರಳು ದಾಟು. ಆಮೇಲೆ ಮಾತಾಡಬೇಡ.
ಮೇಲೆ ಗಾಳಿ ಎದುರಾದರೆ ಸರಿಯಾದ ದಾರಿ.
ನಾಯಿ ಬೊಗಳುವಲ್ಲಿ ಎಡಕ್ಕೆ.'

ಫೋನಿನಲ್ಲಿ ನಕ್ಷೆ ಇದೆ. ಆದರೂ
ಲಕೋಟೆಯನ್ನು ಜರ್ಸಿಯ ಬೆನ್ನ ಜೇಬಿಗೆ,
ಬಾಳೆಹಣ್ಣಿನ ಪಕ್ಕಕ್ಕೆ ತುರುಕಿ ಹೊರಟೆ.

ಬರ್ವೇ ಏರು. 'ಶೇಕಡಾ ಇಪ್ಪತ್ತು' ಅನ್ನುತ್ತದೆ ಫಲಕ,
ಬ್ಯಾಂಕಿನವರು ಬಡ್ಡಿ ಹೇಳಿದ ಹಾಗೆ.
ಮೊದಲ ತಿರುವಿಗೇ ಗೇರುಗಳೆಲ್ಲ ಮುಗಿದವು;
ಹೆಬ್ಬೆರಳು ಇನ್ನೂ ಒತ್ತುತ್ತಿದೆ,
ಖಾಲಿ ಡಬ್ಬಿಯ ತಳ ಕೆರೆಯುವವರ ಹಾಗೆ.
ಬಲಕ್ಕೆ ಕಣಿವೆ, ಬೇಲಿಯಿಲ್ಲ.
ಕುರಿಯೊಂದು ರಸ್ತೆ ನಡುವೆ ನಿಂತು
ನನ್ನನ್ನು ಪೂರ್ತಿ ನೋಡಿ ಮುಗಿಸುವ ತನಕ ಕದಲಲಿಲ್ಲ.
ನಾನು ಅಷ್ಟು ನಿಧಾನ.

ಹೊಸಪೇಟೆಯಲ್ಲಿ ಗಂಟೆಗೆ ಎಂಟಾಣೆ ಬಾಡಿಗೆ ಸೈಕಲ್ಲು,
ಹನ್ನೊಂದರ ಹುಡುಗಿಗೆ ಸೀಟು ಎಟುಕದು,
ತ್ರಿಕೋನದೊಳಗೆ ಕಾಲು ತೂರಿಸಿ ಒಳಪೆಡಲು:
ಮೈ ಒಂದು ಕಡೆ, ಸೈಕಲ್ಲು ಒಂದು ಕಡೆ,
ಟೈಮು ಮುಗಿಯುವ ಭಯ ನಡುವೆ.
ಐವತ್ನಾಲ್ಕಕ್ಕೆ ಸೀಟು ಎಟುಕಿದೆ, ಗಂಟೆಯೂ ನನ್ನದೇ.
ವಾರವಿಡೀ ಆಸ್ಪತ್ರೆಯ ಲ್ಯಾಬಿನಲ್ಲಿ ಬೇರೆಯವರ ರಕ್ತ ನೋಡುವವಳಿಗೆ
ಇವತ್ತು ತನ್ನದೇ ಕಿವಿಯಲ್ಲಿ ಢವಗುಟ್ಟುತ್ತಿದೆ.

ಹತ್ತಿ ಮುಗಿದರೆ ಗುಡ್ಡದ ತುಂಬ ನೇರಳೆ ಹೂವು.
ಹೆದರ್ ಅನ್ನುತ್ತಾರೆ ಇಲ್ಲಿ.
ಹೆದರು, ಹೆದರು ಎಂದು ಎರಡೂ ಬದಿಯಿಂದ ಹೇಳಿಸಿಕೊಂಡು
ಹೆದರದೆ ಹೋಗುವ ಮೋಜು ನನಗೊಬ್ಬಳಿಗೇ;
ಕ್ಲಬ್ಬಿನವರಿಗೆ ವಿವರಿಸಿದೆ ಒಮ್ಮೆ. ಸೌಜನ್ಯಕ್ಕೆ ನಕ್ಕರು.
ಎಂಜಿನ್ನಿಲ್ಲದ ವಿಮಾನವೊಂದು ಗುಡ್ಡದಂಚಿನಿಂದ
ಸುಮ್ಮನೆ ಜಾರಿ ಗಾಳಿಗೆ ಬಿತ್ತು, ಬೀಳಲಿಲ್ಲ.
ಗಾಳಿ ಎದುರೇ ಇತ್ತು.

ಇಳಿಜಾರು: ಬ್ರೇಕು ಹಿಡಿದು ಹಿಡಿದು ಬೆರಳು ಮರಗಟ್ಟಿ,
ಕಣ್ಣೀರು ಕಿವಿಯ ಕಡೆಗೆ ಹರಿದು,
ರಾಟ್ಲಿಂಗ್‌ಹೋಪ್ ಎಂದು ಬರೆದು ರ್‍ಯಾಚಪ್ ಎಂದು ಕರೆಯುವ ಊರು.
ನುಂಗಿದ ಅಕ್ಷರಗಳೆಲ್ಲ ಎಲ್ಲಿ ಹೋಗುತ್ತವೋ,
ಬಹುಶಃ ಈ ಇಳಿಜಾರಿನಲ್ಲೇ ಉದುರುತ್ತವೆ.
ಅಲ್ಲಿಂದ ಎರಡು ಗೇಟು, ಒಂದು ಹಳ್ಳ, ಸೆಗಣಿ ಮೆತ್ತಿದ ಓಣಿ,
ಟ್ರ್ಯಾಕ್ಟರಿನವನು ಸ್ಟಿಯರಿಂಗಿನಿಂದ ಒಂದೇ ಬೆರಳೆತ್ತಿ ಮಾಡಿದ ನಮಸ್ಕಾರ.

ಆಮೇಲೆ ರಸ್ತೆ ಕವಲೊಡೆಯಿತು.
ನಿಂತೆ. ಯಾವ ನಾಯಿಯೂ ಬೊಗಳಲಿಲ್ಲ.
ಮಾಡು ಕುಸಿದ ಕೊಟ್ಟಿಗೆ, ಗೋಡೆಯಲ್ಲಿ ತುಕ್ಕು ಹಿಡಿದ ಕೊಂಡಿ,
ಅದರ ಕೆಳಗೆ ಅರ್ಧ ಚಂದ್ರದಷ್ಟು
ಸರಪಳಿ ಎಳೆದೂ ಎಳೆದೂ ಸವೆದ ಚಪ್ಪಡಿ.
ಇಷ್ಟು ಕಲ್ಲು ಸವೆಯಲು ಎಷ್ಟು ವರ್ಷ ಬೊಗಳಿರಬೇಕು,
ಟಪಾಲಿನ ಚೀಲ ಹೊತ್ತ ಒಬ್ಬನಿಗೆ.
ಎಡಕ್ಕೆ ತಿರುಗಿದೆ.

ಸಂಜೆ ಫೋನು ಮಾಡಿದೆ. ಸೊಂಟದ ಕೀಲು ಬದಲಿಸಿಕೊಂಡು
ಕಿಟಕಿ ಪಕ್ಕ ಕೂತಿರುತ್ತಾನೆ. ಸೈಕಲ್ಲು ಮಾರಿಲ್ಲ;
'ಟೈರಿಗೆ ಗಾಳಿ ಹಾಕಿಟ್ಟಿರುತ್ತೇನೆ' ಅನ್ನುತ್ತಾನೆ, ಬೇರೆ ಮಾತಿನ ನಡುವೆ.
ಎಷ್ಟು ಮೈಲಿ ಕೇಳಲಿಲ್ಲ. ಎಷ್ಟು ಹೊತ್ತು ಕೇಳಲಿಲ್ಲ.
'ನಾಯಿ?' ಅಂದ.
ಇದ್ದದ್ದನ್ನು ಇದ್ದಂತೆಯೇ ವರದಿ ಬರೆದು ಬಾಳಿದವಳು
ಒಂದು ಗಳಿಗೆ ತಡೆದು
'ಎಡಕ್ಕೇ ತಿರುಗಿದೆ' ಅಂದೆ.
'ಹಾಳು ಪ್ರಾಣಿ, ನನ್ನ ಮೀನಖಂಡದಲ್ಲಿ ಅದರ ಹಲ್ಲಿನ ಗುರುತಿದೆ ಇನ್ನೂ'
ಎಂದು ನಕ್ಕ, ಕೆಮ್ಮು ಬರುವ ತನಕ.

ಲಕೋಟೆಯನ್ನು ಹೀಟರಿನ ಮೇಲೆ ಒಣಗಿಸಿದ್ದೇನೆ.
ಬಾಳೆಹಣ್ಣು ಜೇಬಿನಲ್ಲಿ ಜಜ್ಜಿ
ಕೊನೆಯ ಬಾಣ ಅಳಿಸಿಹೋಗಿದೆ.